ಕಣಜದ ಮೇಲಿನ ಕಣಜ

ಎಪ್ಪತ್ತರ ದಶಕದಲ್ಲಿ ಸರ್ಕಾರ ನನಗೆ ಸಂಬಳ ಕೊಡುತ್ತಿದ್ದದ್ದು ಎಳ್ಳಿಗಿಂತ ಚಿಕ್ಕ ಕಣಜದ ಹುಳುಗಳ ಮೀಸೆಯ ಗೆಣ್ಣು ಎಣಿಸಿ, ಅವು ಯಾವ ಪ್ರಭೇದ ಎಂದು ಹೇಳುವುದಕ್ಕೆ. ಸಿ.ಎಸ್. ಪುರದ ರೈತ ಸಿದ್ರಾಮಣ್ಣನವರ ಮಾವಿನ ಎಲೆಗಳ ಮೇಲೆ ಮೊಡವೆಯಂಥ ಗಂಟುಗಳು ಎದ್ದಿದ್ದವು. ಅವನ್ನು ಸೀಸೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಳಗಿಂದ ಏನು ಬರುತ್ತದೋ ಎಂದು ಅವರ ಜಗಲಿಯ ಮೇಲೆ ಹತ್ತು ದಿನ ಕಾದೆ. ಊಟ ಅವರ ಮನೆಯದೇ.

ಕೊನೆಗೆ ಕಣಜಗಳು ಬಂದವು. ಸಿದ್ರಾಮಣ್ಣನವರ ಕೈಗೆ ಭೂತಗನ್ನಡಿ ಕೊಟ್ಟು ವಿವರಿಸಿದೆ: "ಗಂಟು ಮಾಡೋದು ಒಂದು ನೊಣ. ಈ ಕಣಜ ಆ ನೊಣದ ಮರೀನ ತಿನ್ನುತ್ತೆ. ಈ ಕಣಜದ ಮರೀನ ಇನ್ನೊಂದು ಕಣಜ ತಿನ್ನುತ್ತೆ."

"ಒಂದರ ಮೇಲೊಂದು ಬದುಕ್ತವೆ ಅನ್ನಿ," ಎಂದರು.

ಅಷ್ಟರಲ್ಲಿ ನನ್ನ ಕೆಲಸ ತಪಾಸಣೆ ಮಾಡಲು ತುಮಕೂರಿನಿಂದ ಸಾಹೇಬರ ಜೀಪು ಬಂತು. ಸಾಹೇಬರು ಸೀಸೆಯತ್ತ ತಿರುಗಿಯೂ ನೋಡಲಿಲ್ಲ. ಎಳನೀರು ಕುಡಿದು, ಹುಳ್ಳಿಕಾಳು ಸಾರಲ್ಲಿ ಮೂರು ಮುದ್ದೆ ಉಂಡು, ಜಗಲಿಯ ಮೇಲೆ ಗೊರಕೆ ಹೊಡೆದರು.

ಸಿದ್ರಾಮಣ್ಣ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: "ನೊಣ ಹುಡುಕ್ಕೊಂಡು ನೀವು ಬಂದ್ರಿ. ನಿಮ್ಮನ್ನ ಹುಡುಕ್ಕೊಂಡು ಇವ್ರು ಬಂದ್ರು. ಇವ್ರನ್ನ ಹುಡುಕ್ಕೊಂಡು ಯಾರು ಬತ್ತಾರೆ, ಈಗ್ಲೇ ಹೇಳ್ಬುಡಿ ಸ್ವಾಮಿ. ಮಿಲ್ಲಿಗೆ ಇನ್ನೊಂದೆರಡು ಸೇರು ರಾಗಿ ಕಳಿಸ್ತೀನಿ."

ಮುಂದಿನ ವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರೇ ಬಂದರು. ಬೀಸಿಸಿದ್ದ ರಾಗಿ ಹಿಟ್ಟು ಹಾಗೇ ಉಳಿಯಿತು. ಆ ಪ್ರಭೇದ ಬರೀ ಅನ್ನ ತಿನ್ನುವಂಥದ್ದು.