ಮಾವನ ಕೈಯ ಕತ್ತಿ

"ಹುಲ್ಲು ಕೊಯ್ಯಕ್ಕೆ ಬಂದಿದ್ದೆ ಮಾರಾಯ್ತಿ," ಎನ್ನುತ್ತಾ ಮಾವ ನನ್ನನ್ನು ಕಂಡೊಡನೆ ಕತ್ತಿ ಎತ್ತಿಕೊಂಡರು. ನರಸಿಂಹರಾಜಪುರದ ಹಿನ್ನೀರಿನ ದಡದಲ್ಲಿ ಕೂತು ಅವರು ದಿನಾ ನೋಡುವುದು ಬರೀ ದೋಣಿಗಳನ್ನು. ಕೆಲಸವಿಲ್ಲದೆ ಕೂತಿದ್ದಾರೆಂದು ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೆ ಆ ಕತ್ತಿ!

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಪಕ್ಕದಲ್ಲಿ ಕೂತು ಹೇಳಿದೆ: ಇಂಗ್ಲಿಷಿನಲ್ಲಿ 'ಗಾಂಗೂಜ್ಲರ್' ಎಂಬ ಪದವಿದೆ. ಕಾಲುವೆ ದಡದಲ್ಲಿ ದೋಣಿ ನೋಡುತ್ತಾ ಹೊತ್ತು ಕಳೆಯುವವರಿಗೆ ಇಟ್ಟ ಹೆಸರು. ಈಗ ರಸ್ತೆ ಬದಿ ನಿಂತು ಜೆಸಿಬಿ ನೋಡುವವರಿಗೂ ಸಲ್ಲುತ್ತದೆ.

"ಹಂಗಾರೆ ಅಲ್ಲೂ ನನ್ನಂಥೋರು ಇದಾರೆ ಅನ್ನು!" ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮರುದಿನ ಅವರು ದಡಕ್ಕೆ ಹೋದಾಗ ಕತ್ತಿ ಕೊಟ್ಟಿಗೆಯಲ್ಲೇ ಇತ್ತು. ಅತ್ತೆ ಗೊಣಗುತ್ತಲೇ ಫ್ಲಾಸ್ಕಿಗೆ ಕಾಫಿ ತುಂಬಿ, ಎರಡು ಲೋಟ ಹಿಡಿದು ಹಿಂದೆಯೇ ಹೊರಟರು.