ಗಂಜಿ ಉಂಡ ಎರಡು ಗಂಟೆಯ ಮೇಲೆ

ಕೊರೊನಾ ತಣ್ಣಗಾದ ಮರುವರ್ಷ ನಾನು ಬೈಂದೂರಿನ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ನಾವುಂದದ ಸುಮತಿ ಆರು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ಅತ್ತೆಯ ಜೊತೆ ಬಂದಳು. ಮಗು ವಾಂತಿ ಮಾಡಿ ಮಾಡಿ ಬಿಳಿಚಿಕೊಂಡಿತ್ತು. ಕೈ ಎತ್ತಿ ಬಿಟ್ಟರೆ ಹಾಗೇ ಬೀಳುತ್ತಿತ್ತು. ಜ್ವರವಿರಲಿಲ್ಲ. ಡ್ರಿಪ್ ಹಾಕಿದೆವು, ಸಂಜೆಗೆ ನಗತೊಡಗಿತು.

ವಾರದೊಳಗೆ ಮತ್ತೆ ಅದೇ ಸ್ಥಿತಿ. ಆಮೇಲೆ ಇನ್ನೊಮ್ಮೆ.

"ದೃಷ್ಟಿ ಆಯಿತ್ ಸಿಸ್ಟರೇ. ಇವ್ಳ್ ಮಗಿನ್ ಎಲ್ರಿಗೂ ತೋರ್ಸ್ತಾ ತಿರ್ಗುತ್ಲ್," ಎಂದರು ಅತ್ತೆ. ಸುಮತಿ ತಲೆ ತಗ್ಗಿಸಿದಳು.

ಡಾಕ್ಟರು ಕೇಳಿದರು: "ವಾಂತಿಗೆ ಮುಂಚೆ ಎಂತ ಕೊಟ್ಟದ್ದು ಅಮ್ಮ?"

"ಎಂತದೂ ಇಲ್ಲ. ಗಂಜಿ ಒಂದೇ," ಎಂದರು ಅತ್ತೆ.

ನಮ್ಮಲ್ಲಿ ಗಂಜಿಯನ್ನು ಯಾರೂ ತಿಂಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅನ್ನಪ್ರಾಶನವಾದ ಮೇಲೆ ನುರಿದ ಗಂಜಿ ಕೊಟ್ಟಿದ್ದರು. ವಾಂತಿಯಿಂದ ಚೇತರಿಸಿ ಮನೆಗೆ ಹೋದ ಮೇಲೂ, ಹೊಟ್ಟೆ ತಂಪಾಗಲೆಂದು ಅದನ್ನೇ. ಪ್ರತಿಸಲ ಎರಡು ಗಂಟೆ ಕಳೆದು ವಾಂತಿ.

ಸಾಮಾನ್ಯವಾಗಿ ನಾವು ಕಾಣುವ ಅಲರ್ಜಿ ಬೇಗನೆ ದದ್ದಾಗಿ ಏಳುತ್ತದೆ. ರಕ್ತದ ಐಜಿಇ ಎಂಬ ಅಂಶ ಅದಕ್ಕೆ ಕಾರಣ. ಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ. ಈ ಮಗುವಿಗಿದ್ದದ್ದು ಎಫ್‌ಪಿಐಇಎಸ್, ಯಾವುದೋ ಒಂದು ಆಹಾರ ಕರುಳಿಗೆ ಒಗ್ಗದ ತೊಂದರೆ; ಇದರಲ್ಲಿ ಐಜಿಇ ಪಾತ್ರವಿಲ್ಲ. ದದ್ದಿಲ್ಲ, ರಕ್ತಪರೀಕ್ಷೆಯೂ ಏನೂ ಹೇಳುವುದಿಲ್ಲ. ಒಂದರಿಂದ ನಾಲ್ಕು ಗಂಟೆ ಸುಮ್ಮನಿದ್ದು ಹೊಟ್ಟೆ ತಿರುಗಿಬೀಳುತ್ತದೆ. ಏನು ತಿಂದಿತು, ಎಷ್ಟು ಹೊತ್ತಾಯಿತು ಎಂದು ಕೇಳಿಯೇ ಪತ್ತೆ ಹಚ್ಚಬೇಕು.

ಡಾಕ್ಟರು ಅಕ್ಕಿ ನಿಲ್ಲಿಸಲು ಹೇಳಿದರು.

"ಹ್ವಾಯ್ ಡಾಕ್ಟ್ರೇ, ಗಂಜಿ ಬಿಟ್ಟ್ ಬದ್ಕುಕ್ ಆತ್ತಾ? ನೀವೆಂತ ಮಾತ್ರೆ ತಿಂದ್ ದೊಡ್ಡ ಆದ್ದಾ?" ಎಂದರು ಅತ್ತೆ.

"ಮಗಿಗೆ ಮಾತ್ರ ಬ್ಯಾಡ ಅಮ್ಮ. ನೀವ್ ಉಣ್ಣಿ."

ವಾಂತಿ ನಿಂತಿತು. ಆಮೇಲೆ ಅತ್ತೆಯೇ ಕಾವಲು. ಅನ್ನ ಉಂಡ ಕೈ ತೊಳೆಯದೆ ಯಾರೂ ಮಗುವನ್ನು ಮುಟ್ಟುವಂತಿರಲಿಲ್ಲ.

ಆ ಮಗುವಿಗೆ ಎರಡು ತುಂಬುವ ಹೊತ್ತಿಗೆ ನನ್ನ ಯಜಮಾನರು ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೂ ನಾನು ಅಳಲಿಲ್ಲ. "ಸಿಸ್ಟರ್ ಅಲ್ದಾ, ಸಾವು ಕಂಡ್ ಅಭ್ಯಾಸ," ಎಂದರು ನೆಂಟರು. ಇರಬಹುದೆಂದು ನಾನೂ ನಂಬಿ ಕೆಲಸಕ್ಕೆ ಮರಳಿದೆ.

ಈ ತೊಂದರೆ ಬೆಳೆಯುತ್ತಾ ಹೋಗಿಬಿಡುವುದುಂಟು; ಹೋಯಿತೇ ಎಂದು ತಿಳಿಯಲು ಆ ವಾರವೇ ಡ್ರಿಪ್ ಸಿದ್ಧವಿಟ್ಟುಕೊಂಡು ಕ್ಲಿನಿಕ್ಕಿನಲ್ಲಿ ಮಗುವಿಗೆ ಸ್ವಲ್ಪ ಗಂಜಿ ಕೊಟ್ಟು ನೋಡಿದೆವು. ಒಂದು ಗಂಟೆ ಕಳೆಯಿತು.

"ಎಂತದೂ ಆಯ್ಲ ಅಲ್ದಾ ಅಕ್ಕ, ಹೋಪನಾ?" ಎಂದಳು ಸುಮತಿ.

"ಕೂಕೊ. ಅದ್ರ ಹೊತ್ತ್ ಇನ್ನೂ ಬರ್ಲ," ಎಂದೆ.

ನಾಲ್ಕು ಗಂಟೆ ದಾಟಿದ ಮೇಲೂ ಮಗು ಆಡುತ್ತಿತ್ತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಸಂಜೆ ಮನೆಗೆ ಬಂದೆ. ನೆಂಟರೆಲ್ಲ ಹೋಗಿದ್ದರು. ಗಂಜಿಗಿಟ್ಟೆ, ಬೆಂದ ಮೇಲೆ ನೋಡಿದರೆ ಇಬ್ಬರಿಗಾಗುವಷ್ಟಿತ್ತು. ಆಗ ಬಂತು ಅಳು.

ಕೂಡಲೇ ಏನೂ ಕಾಣದಿದ್ದರೆ ಏನೂ ಆಗಿಲ್ಲವೆಂದು ಎದ್ದು ಹೋಗಬಾರದು. ಕೆಲಸ ಕಲಿಸಿದ್ದು ಅದನ್ನೇ. ಈಗ ಸಾವಾದ ಮನೆಗೆ ನಾನು ಬೊಜ್ಜ ಕಳೆದು ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ಹೋಗಿ, ಸ್ವಲ್ಪ ಹೊತ್ತು ಕೂತು ಬರುತ್ತೇನೆ.