ಫೋಟೋಕ್ಕೆ ಕೂರದ ಕಂಡಕ್ಟರು

ಸೀಟಿಯಕ್ಕನನ್ನು ಮೊದಲು ಕಂಡದ್ದು ಬಸ್ ಡಿಪೋದ ಸಮಾನತಾ ದಿನದ ಸಭೆಯಲ್ಲಿ. ವೇದಿಕೆಯ ಮೇಲೆ ಗಂಡಸರು ಒತ್ತೊತ್ತಾಗಿ ಕುಳಿತು, ಹೆಣ್ಣಿನ ಸಹನೆಯನ್ನು ಒಬ್ಬರಾದ ಮೇಲೊಬ್ಬರು ಹೊಗಳುತ್ತಿದ್ದರು. ಆ ಸಹನೆಯುಳ್ಳವರೆಲ್ಲ ಹಿಂದುಗಡೆ, ಕಾದ ತಗಡಿನ ಕೆಳಗೆ ನಿಂತಿದ್ದರು. ಅವರಿಗೆ ಕುರ್ಚಿ ಸಾಲದೆ ಬಂದಿತ್ತು. "ಹೆಂಗಸರು ನಮ್ಮ ಡಿಪೋದ ಕಣ್ಣುಗಳು" ಎಂದು ಫೋರ್ಮನ್ನರು ಗದ್ಗದರಾದಾಗ ಕಂಡಕ್ಟರಿನ ಖಾಕಿ ಕೋಟು ತೊಟ್ಟ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದಳು: "ಕಣ್ಣಿಗೆ ಕೂರೋಕೆ ಒಂದು ಬೆಂಚಾದ್ರೂ ಹಾಕ್ಬಾರ್ದಿತ್ತಾ?"

ದನಿ ತಗ್ಗಿಸಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳೂ ಅವರನ್ನೇ ನೋಡಿದಳು, ಚಿಲ್ಲರೆಯಿಲ್ಲದೆ ಬಸ್ಸು ಹತ್ತಿದವರನ್ನು ನೋಡುವ ಹಾಗೆ.

ಅವಳು ಸೀಟಿ ಊದಿದರೆ ಆಚೆ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ಹೆಸರು ಬಂದದ್ದು ಹಾಗೆ. ಗಂಡ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವಳು ಅತ್ತೆ. ಆಸ್ಪತ್ರೆಯ ನೆಲ ಒರೆಸಿಯೇ ಸಂಸಾರ ಸಾಗಿಸಿದ ಮುದುಕಿ. ಸೊಸೆ ಕೆಲಸಕ್ಕೆ ಸೇರಿದ ದಿನ, "ಬಗ್ಗಿ ಬಗ್ಗಿ ನನ್ನ ಸೊಂಟ ಹೋಯ್ತು ಕಣೆ. ನೀನಾದ್ರೂ ನಿಂತ್ಕೊಂಡು ಕೆಲ್ಸ ಮಾಡು. ಆಮೇಲೆ ಕೂತ್ಕೊಂಡು ಮಾಡೋ ಕೆಲ್ಸಕ್ಕೆ ಹೋಗು" ಎಂದಿದ್ದಳು.

ಕೂತು ಮಾಡುವ ಕೆಲಸವೆಂದರೆ ಕಂಟ್ರೋಲರ್ ಹುದ್ದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಅದರಲ್ಲಿ ಯಾರು ಹೋಗಬೇಕು ಎಂದು ಗೊತ್ತು ಮಾಡುವುದು ಬಸ್ ನಿಲ್ದಾಣದ ಆ ಗಾಜಿನ ಕೋಣೆಯೇ. ಸೀಟಿಯಕ್ಕನ ಆಸೆಯೆಲ್ಲ ಅದರ ಮೇಲೆ. ಆದರೆ ನೈಟ್ ಹಾಲ್ಟ್ ರೂಟಿನಲ್ಲಿ ಕೆಲವು ವರ್ಷ ದುಡಿದವರಿಗಷ್ಟೇ ಆ ಹುದ್ದೆ. ಸಂಜೆ ಹೊರಟು, ದೂರದ ಊರಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಮರಳುವ ಬಸ್ಸು ಅದು. ತಂಗುವುದಕ್ಕೆ ಅಲ್ಲಿ ಇದ್ದುದು ಒಂದೇ ಹಾಲು, ಸಾಲಾಗಿ ಹಾಕಿದ ಮಂಚಗಳು, ಮಂಚದ ತುಂಬ ಗೊರಕೆ ಹೊಡೆಯುವ ಗಂಡಸರು. ನಡುವೆ ಒಂದು ಗೋಡೆ ಹಾಕಿಸಿಕೊಡಿ ಎಂದು ಅವಳು ಕೇಳಿದಳು.

ಗೋಡೆಯ ಬದಲು ಬಂದದ್ದು ಸಮಿತಿ. ಪ್ರತಿ ಡಿಪೋದಲ್ಲೂ ಸಮಾನತಾ ಸಮಿತಿ ಇರಬೇಕು, ಅದರಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು, ಪ್ರತಿ ಸಭೆಯ ಫೋಟೋ ಕಳುಹಿಸಬೇಕು, ಕಳುಹಿಸಿದವರಿಗೆ ಅನುದಾನ ಸಿಗುತ್ತದೆ ಎಂದು ಕೇಂದ್ರ ಕಚೇರಿ ಆಜ್ಞೆ ಮಾಡಿತು. ಮಹಿಳಾ ಸದಸ್ಯೆ ಎಂದು ಸೀಟಿಯಕ್ಕನ ಹೆಸರು ಬರೆದದ್ದೂ ಆಯಿತು. ಸಭೆ ಮಾತ್ರ ಅವಳು ಬಸ್ಸಿನಲ್ಲಿರುವ ಹೊತ್ತಿಗೇ ಕೂಡುತ್ತಿತ್ತು. ಡಿಪೋ ಮ್ಯಾನೇಜರರು ಕೆಟ್ಟವರೇನಲ್ಲ. ಮಕ್ಕಳನ್ನು ಕಂಡರೆ ಜೇಬಿನಿಂದ ಮಿಠಾಯಿ ತೆಗೆದುಕೊಡುವ ಜೀವ. ಡ್ಯೂಟಿ ಬದಲಾಯಿಸುವುದು ತಲೆನೋವೆಂದು ಅವರು ಹತ್ತಿರದ ದಾರಿ ಹಿಡಿದರು. ಮನೆಯಿಂದ ಹೆಂಡತಿಯನ್ನು ಕರೆಸಿ, ಸ್ಟೋರಿನಿಂದ ಒಂದು ಖಾಕಿ ಕೋಟು ತರಿಸಿ ತೊಡಿಸಿ, ಫೋಟೋಕ್ಕೆ ಕೂರಿಸಿದರು. ಹೊಲಕ್ಕೆ ಬೆರ್ಚಪ್ಪ, ಸಮಿತಿಗೆ ಅಮ್ಮಾವ್ರು.

ಹೀಗೆ ಕೂಡಿದ ಮೊದಲ ಸಭೆಯಲ್ಲಿಯೇ ನಿರ್ಣಯವಾಯಿತು: ಮಹಿಳೆಯರ ಗೌರವ ಮತ್ತು ಸುರಕ್ಷತೆಯ ದೃಷ್ಟಿಯಿಂದ ಅವರಿಗೆ ನೈಟ್ ಹಾಲ್ಟ್ ಕೊಡತಕ್ಕದ್ದಲ್ಲ. ಗೋಡೆ ಕಟ್ಟಲು ಇಟ್ಟಿಗೆ ಬೇಕು; ಗೌರವಕ್ಕೆ ಶಾಯಿ ಸಾಕು. ಹೀಗೆ ಉಳಿದ ಅನುದಾನದಲ್ಲಿ ಸಭಾಕೊಠಡಿಗೆ ಪರದೆ ಬಂತು, ಸದಸ್ಯರಿಗೆ ಮೆತ್ತನೆಯ ಕುರ್ಚಿಗಳು ಬಂದವು.

ಸೀಟಿಯಕ್ಕ ಮ್ಯಾನೇಜರರ ಕೋಣೆಗೆ ಹೋದಳು.

"ಸಾರ್, ನಾನು ಸಮಿತಿ ಮೆಂಬರ್ ಅಂತೆ?"

"ಹೌದಮ್ಮಾ, ಅಭಿನಂದನೆ."

"ನಂಗೇ ನೈಟ್ ಹಾಲ್ಟ್ ಬೇಡ ಅಂತ ನಾನೇ ಹೇಳಿದ್ನಂತೆ?"

"ನಿಮ್ ಒಳ್ಳೇದಕ್ಕೇ ತಾನೆ? ರಾತ್ರಿ ಹೊತ್ತು ಹೆಣ್ಮಕ್ಕಳು..."

"ಆಸ್ಪತ್ರೆ ನರ್ಸ್‌ಗಳು ರಾತ್ರಿ ಹೊತ್ತು ಗಂಡಸರಾಗ್ತಾರಾ ಸಾರ್?"

ಮ್ಯಾನೇಜರರು ಮಿಠಾಯಿ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ.

ಡಿಪೋಕ್ಕೆ ಸಮಾನತೆಯ ಪ್ರಶಸ್ತಿ ಘೋಷಣೆಯಾಯಿತು. ಫೋಟೋಗಳು ಅಷ್ಟು ಚೆನ್ನಾಗಿದ್ದವಂತೆ. ಪ್ರಶಸ್ತಿ ಕೊಡುವ ಮೊದಲು ಒಮ್ಮೆ ಕಣ್ಣಾರೆ ನೋಡೋಣವೆಂದು ಕೇಂದ್ರ ಕಚೇರಿಯ ಮಹಿಳಾ ಅಧಿಕಾರಿಯೊಬ್ಬರು ಬಂದರು. ಕೋಟು ತೊಟ್ಟು ಸಿದ್ಧವಾಗಿದ್ದ ಅಮ್ಮಾವ್ರ ಕೈಕುಲುಕಿ, "ಬನ್ನಿ, ನಿಮ್ ಬಸ್ಸಲ್ಲೇ ಒಂದು ಸುತ್ತು ಹೋಗಿ ಬರೋಣ" ಎಂದುಬಿಟ್ಟರು. ಫೋಟೋದಲ್ಲಿರುವ ಕಂಡಕ್ಟರಿಗೆ ಬಸ್ಸೂ ಇರಬೇಕಾದೀತು ಎಂದು ಡಿಪೋದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹೊರಡಲು ನಿಂತದ್ದು ಸೀಟಿಯಕ್ಕನ ಬಸ್ಸು. ಮ್ಯಾನೇಜರರು ಅವಳ ಕಿವಿಯ ಬಳಿ ಬಗ್ಗಿದರು: "ಇವತ್ತೊಂದಿನ ಹೆಂಗಾದ್ರೂ ಸಂಭಾಳಿಸಮ್ಮ." ಆಗಲಿ ಎಂದು ಅವಳು ಬ್ಯಾಗು, ಟಿಕೆಟ್ ಮೆಷಿನ್ನು, ಸೀಟಿ ಮೂರನ್ನೂ ಅಮ್ಮಾವ್ರ ಕೈಗೆ ವಿನಯದಿಂದ ಒಪ್ಪಿಸಿ, ಕೊನೆಯ ಸೀಟಿಗೆ ಹೋಗಿ ಪ್ರಯಾಣಿಕಳಂತೆ ಕುಳಿತಳು.

ಕಂಡಕ್ಟರು ಸೀಟಿ ಊದದೆ ಡ್ರೈವರು ಬಸ್ಸು ಎತ್ತುವಂತಿಲ್ಲ. ಬಸ್ಸು ತುಂಬಿತು, ಸೆಕೆಯೇರಿತು, ಡ್ರೈವರು ಸ್ಟೀರಿಂಗಿನ ಮೇಲೆ ಗಲ್ಲವೂರಿದ. ಅಮ್ಮಾವ್ರು ಸೀಟಿಯನ್ನು ಸೆರಗಿನಲ್ಲಿ ಒರೆಸಿ, ಕಣ್ಣು ಮುಚ್ಚಿ ಊದಿದರು.

"ಅದೇನು ಸೀಟಿನೋ ಕೆಮ್ಮೋ?" ಎಂದ ಡ್ರೈವರು.

"ಟಿಕೆಟ್ ಕೊಡ್ತೀರೋ, ಇಳಿದು ನಡ್ಕೊಂಡ್ ಹೋಗ್ಲೋ?" ಎಂದು ಬುಟ್ಟಿ ಹೊತ್ತ ಹೆಂಗಸೊಬ್ಬಳು ಕೇಳಿದಳು.

ಅಮ್ಮಾವ್ರು ಬ್ಯಾಗನ್ನು ಅಧಿಕಾರಿಯ ಪಕ್ಕದಲ್ಲಿ ಇಳಿಸಿದರು. "ನೋಡಿ ಮೇಡಂ, ನಂಗೆ ಇದೆಲ್ಲ ಬರಲ್ಲ. ಫೋಟೋಕ್ಕೆ ಕೂತ್ಕೋ ಅಂತಾರೆ, ಕೂರ್ತೀನಿ. ಒಲೆ ಮೇಲೆ ಬೇರೆ ಹಾಲಿಟ್ಟು ಬಂದಿದೀನಿ." ಆ ಸಮಿತಿಯ ಚರಿತ್ರೆಯಲ್ಲಿ ಮೊದಲ ನಿಜವನ್ನು ಆಡಿ ಅವರು ಮನೆಗೆ ನಡೆದರು.

ಇನ್ನು ಪ್ರಳಯವಾಗುತ್ತದೆ ಎಂದು ಎಲ್ಲರೂ ಕಾದರು. ಅಧಿಕಾರಿ ಗಡಿಯಾರ ನೋಡಿಕೊಂಡರು. "ಪ್ರಶಸ್ತಿ ಅನೌನ್ಸ್ ಆಗಿಹೋಗಿದೆ, ಈಗ ಏನೂ ಮಾಡೋಕಾಗಲ್ಲ. ನಿಜವಾದ ಸದಸ್ಯೆನ ಕೂರ್ಸಿ ಹೊಸ ಫೋಟೋ ಒಂದು ಕಳ್ಸಿ. ಅಲ್ಲೀತನಕ ಮುಂದಿನ ಅನುದಾನ ಬರಲ್ಲ" ಎಂದು ಮ್ಯಾನೇಜರರಿಗೆ ಹೇಳಿ, ಬಸ್ಸಿಳಿದು ಜೀಪು ಹತ್ತಿದರು. ಹೆಣ್ಣು ಅಧಿಕಾರಿ ಬಂದರೆ ನ್ಯಾಯ ಬರುತ್ತದೆ ಎಂದು ಹಿಂದಿನ ಸೀಟಿನಲ್ಲಿ ಕುಳಿತು ನಂಬಿದ್ದವಳು, ಎದ್ದು ಬಂದು ಸೀಟಿ ಬಾಯಿಗಿಟ್ಟುಕೊಂಡಳು. ಬಸ್ಸು ಹೊರಟಿತು.

ಮರುದಿನವೇ ಸಭೆಗೆ ಕರೆ ಬಂತು. ಈಗ ಅವಳ ಡ್ಯೂಟಿ ಬದಲಾಯಿಸುವುದು ಹೂವೆತ್ತಿದಷ್ಟು ಹಗುರವಾಗಿತ್ತು. ಫೋಟೋ ತೆಗೆಯುವವನು ಸಿದ್ಧನಾಗಿ ನಿಂತಿದ್ದ. ಅವಳು ಬಾಗಿಲಲ್ಲೇ ನಿಂತಳು.

"ಬಾಮ್ಮಾ, ಕೂತ್ಕೋ."

"ಗೋಡೆ ಎದ್ದ ದಿನ ಕೂರ್ತೀನಿ ಸಾರ್."

ಬೇರೆ ಹೆಂಗಸರನ್ನು ಕರೆದರು. ಒಬ್ಬಳಿಗೆ ಹಲ್ಲುನೋವು, ಇನ್ನೊಬ್ಬಳ ಮನೆಗೆ ನೆಂಟರು, ಮತ್ತೊಬ್ಬಳು "ಅಕ್ಕನ್ನ ಕೇಳಿ" ಎಂದು ನೇರವಾಗಿಯೇ ಹೇಳಿದಳು. ಅಮ್ಮಾವ್ರೂ ಬರಲಿಲ್ಲ. ಫೋರ್ಮನ್ನರು ಸೀಟಿಯಕ್ಕನ ಮನೆಗೇ ಬಂದು ಅವಳ ಗಂಡನಿಗೆ ಬುದ್ಧಿ ಹೇಳತೊಡಗಿದರು. ಅವನು ಸೂಜಿಗೆ ದಾರ ಪೋಣಿಸುತ್ತ ಒಳಗೆ ಕೈ ತೋರಿಸಿದ. ಒಳಗಿದ್ದವಳು ಅತ್ತೆ.

"ಒಂದು ಫೋಟೋ ತಾನೇ ಅಮ್ಮಾ?"

"ಒಂದು ಗೋಡೆ ತಾನೇನಪ್ಪಾ? ಗಂಡಸ್ರು ಅಷ್ಟೊಂದು ಜನ ಸೇರ್ಕೊಂಡು ಒಂದು ಗೋಡೆ ಎತ್ತೋಕಾಗ್ಲಿಲ್ವಾ? ನನ್ನ ಕರ್ದಿದ್ರೆ ನಾನೇ ಕಟ್ಟಿಕೊಡ್ತಿದ್ದೆ."

ಸೊಸೆಗೆ ಒಳಗೊಳಗೆ ಹೆದರಿಕೆ ಇತ್ತು. ಶಿಸ್ತುಕ್ರಮ ಎಂದು ಯಾರಾದರೂ ಗೀಚಿದರೆ ಗಾಜಿನ ಕೋಣೆಯಿರಲಿ, ಬಸ್ಸೂ ಕೈಬಿಡುತ್ತಿತ್ತು. ಆದರೂ ಅವಳು ಜಗ್ಗಲಿಲ್ಲ. ಅನುದಾನ ನಿಂತುಹೋದ ಮೇಲೆ ಸಮಿತಿಗೆ ಹೆಣ್ಣಿನ ಗೌರವದ ನೆನಪು ಮರುಕಳಿಸಿತು. ಇಟ್ಟಿಗೆಯಲ್ಲ, ಪ್ಲೈವುಡ್ಡು, ಅಂತೂ ಅಡ್ಡಗೋಡೆ ಎದ್ದಿತು, ಬಾಗಿಲಿಗೆ ಒಳಗಿನಿಂದ ಚಿಲಕ ಬಂತು, ಹಳೆಯ ನಿರ್ಣಯ ರದ್ದಾಯಿತು. ಆಮೇಲೆ ಅವಳು ಫೋಟೋಕ್ಕೆ ಕುಳಿತಳು. ಸದಸ್ಯರೆಲ್ಲ ನಗುತ್ತಿರುವ ಆ ಚಿತ್ರದಲ್ಲಿ ಅವಳೊಬ್ಬಳು ಮಾತ್ರ, ಪ್ರಯಾಣಿಕ ಕೊಟ್ಟ ನೋಟು ಹರಿದಿದೆಯೋ ಎಂದು ನೋಡುವವಳಂತೆ ಕಾಣುತ್ತಾಳೆ.

ನೈಟ್ ಹಾಲ್ಟಿನ ವರ್ಷಗಳು ಪ್ಲೈವುಡ್ಡಿನಾಚೆಯ ಗೊರಕೆ ಕೇಳುತ್ತ ಕಳೆದವು. ಈಗ ಸೀಟಿಯಕ್ಕ ಕಂಟ್ರೋಲರ್. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು, ಯಾರಿಗೆ ಯಾವ ರೂಟೆಂದು ಗೊತ್ತು ಮಾಡುತ್ತಾಳೆ. ಇತ್ತೀಚೆಗೆ ಅವಳ ಕಣ್ಣು ವರ್ಕ್‌ಶಾಪಿನ ಮೇಲೆ ಬಿದ್ದಿದೆ. ಅಲ್ಲಿ ಹೆಣ್ಣು ಮೆಕ್ಯಾನಿಕ್ ಒಬ್ಬಳೂ ಇಲ್ಲ. ಮೊನ್ನೆ ಫೋರ್ಮನ್ನರು ಕಿಟಕಿಯ ಬಳಿ ನಿಂತು ಅವಳಿಗೆ ತಿಳಿಹೇಳುತ್ತಿದ್ದರು.

"ಸ್ಪ್ಯಾನರ್ ತುಂಬಾ ಭಾರ ಕಣಮ್ಮಾ, ಹೆಣ್ಮಕ್ಕಳ ಕೈಲಿ ಆಗಲ್ಲ."

"ನಿಮ್ಮನೇಲಿ ಗ್ಯಾಸ್ ಸಿಲಿಂಡರ್‌ನ ಬಾಗಿಲಿಂದ ಅಡುಗೆಮನೆಗೆ ಯಾರು ಎತ್ಕೊಂಡ್ ಹೋಗ್ತಾರೆ ಫೋರ್ಮನ್ನೋರೇ?"

ಅಷ್ಟು ಕೇಳಿ ಅವಳು ಮೈಕು ಎಳೆದುಕೊಂಡು ಮುಂದಿನ ಬಸ್ಸಿನ ಹೆಸರು ಕೂಗಿದಳು.